ಗಿರಿರಾಜ ಮರಿಗಳಿಗೆ ದೊಡ್ಡಪತ್ರೆಯೋ, ಬಾಟಲಿ ಎಣ್ಣೆಯೋ?

ಕೋಳಿಮರಿಗಳ ಹೊಟ್ಟೆ ಕೆಡದಿರಲಿ ಎಂದು ಇವೆರಡರಲ್ಲಿ ಯಾವುದನ್ನು ಕೊಡಬೇಕು? ನನ್ನ ಮತ ದೊಡ್ಡಪತ್ರೆಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 650 ರೂಪಾಯಿ ಕೊಟ್ಟು ತಂದ, ಒರೆಗಾನೊ ಎಂಬ ವಿದೇಶಿ ಸೊಪ್ಪಿನ ಎಣ್ಣೆಯ ಬಾಟಲಿ ಮುಕ್ಕಾಲು ಪಾಲು ಹಾಗೇ ಉಳಿದಿದೆ.

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆ ಹಿಂದೆ ಗಿರಿರಾಜ ಕೋಳಿ ಸಾಕುತ್ತೇವೆ. ಮಳೆಗಾಲದಲ್ಲಿ ಮರಿ ತಂದರೆ ಜೀವ ಕೈಯಲ್ಲಿ ಹಿಡಿದಂತೆ. ಕೆಳಗೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದರೆ ಮೂರನೇ ವಾರದ ಹೊತ್ತಿಗೆ ರಕ್ತಭೇದಿ ಕಾಣಿಸಿಕೊಳ್ಳುತ್ತದೆ. ಹಿಂದಿನ ವರ್ಷ 11 ಮರಿ ಹೋದವು. ಹಾಗೆಂದು ಕಾಯಿಲೆ ಇಲ್ಲದಾಗಲೂ ಆಂಟಿಬಯೋಟಿಕ್ ಹಾಕಲು ನನಗೆ ಮನಸ್ಸಿಲ್ಲ. ಕೋಳಿಗಳು ಬೇಗ ಬೆಳೆಯಲಿ ಎಂದು ಮೇವಿಗೆ ಅದನ್ನು ಬೆರೆಸುವುದನ್ನು ಯುರೋಪಿನವರು 2006ರಲ್ಲೇ ನಿಲ್ಲಿಸಿದ್ದಾರೆ. ನಮ್ಮಲ್ಲೂ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಕೋಳಿಗಳಿಗೆ ಕೊಡುವುದು 2019ರಿಂದ ನಿಷೇಧ.

ಅದರ ಬದಲು ಸೊಪ್ಪು, ಎಣ್ಣೆ ಕೊಟ್ಟು ನೋಡೋಣವೆಂದು ಈ ಸಲ 60 ಮರಿ ತಂದು, ಬಿದಿರು ತಟ್ಟಿ ಕಟ್ಟಿ ಮೂರು ಪಾಲು ಮಾಡಿದೆ. ಒಂದಕ್ಕೆ ಎಣ್ಣೆ, ಒಂದಕ್ಕೆ ದೊಡ್ಡಪತ್ರೆ, ಇನ್ನೊಂದಕ್ಕೆ ಮಜ್ಜಿಗೆ ಹುಲ್ಲು. ಫೀಡ್ ಮೂರಕ್ಕೂ ಒಂದೇ.

ಎಣ್ಣೆಯನ್ನು ಕುಡಿಯುವ ನೀರಿಗೆ ಹಾಕಲು ಅಂಗಡಿಯವರು ಹೇಳಿದ್ದರು. ಹಾಕಿದರೆ ಅದು ನೀರಿನ ಮೇಲೆ ತೆಳುವಾಗಿ ತೇಲಿತು. ಮರಿಗಳು ಕೊಕ್ಕು ಅದ್ದಿ, ತಲೆ ಕೊಡವಿ ಹಿಂದೆ ಸರಿದವು. ಮಧ್ಯಾಹ್ನದವರೆಗೂ ನೀರು ಇಳಿಯಲೇ ಇಲ್ಲ. ಎಳೆ ಮರಿ ಅರ್ಧ ದಿನ ನೀರು ಬಿಟ್ಟರೆ ಏನಾಗುತ್ತದೆಂದು ಸಾಕಿದವರಿಗೆ ಗೊತ್ತು. ಮೂರೇ ದಿನಕ್ಕೆ ನಿಲ್ಲಿಸಿದೆ.

ಮಜ್ಜಿಗೆ ಹುಲ್ಲು ಒರಟು, ಮರಿಗಳು ಮುಟ್ಟಲಿಲ್ಲ. ಬಚ್ಚಲ ಒಲೆ ಮೇಲೆ ಒಣಗಿಸಿ ಪುಡಿ ಮಾಡಿದರೆ ತಿಂದವು. ಆದರೆ ದಿನಾ ಅಷ್ಟು ಕೆಲಸ ನನ್ನಿಂದಾಗದು.

ದೊಡ್ಡಪತ್ರೆಯೂ ಸುಲಭವಾಗಿ ದಕ್ಕಲಿಲ್ಲ. ಮೊದಲ ವಾರ ಸಣ್ಣಗೆ ಹೆಚ್ಚಿ ಫೀಡ್‌ಗೇ ಕಲಸಿದ್ದೆ. ದಪ್ಪ ಎಲೆ, ಹಿಂಡಿದರೆ ನೀರು ಸುರಿಯುವಂಥದ್ದು. ಸಂಜೆ ಹೊತ್ತಿಗೆ ಫೀಡ್ ಮುದ್ದೆಗಟ್ಟಿತ್ತು. ಮಾರನೇ ದಿನ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರೆ ಹಸಿರು ಮಿಶ್ರಿತ ಬೂಷ್ಟು, ಹುಳಿ ವಾಸನೆ. ಬೂಷ್ಟು ಹಿಡಿದ ಮೇವಿನ ವಿಷ ಮರಿಯ ಯಕೃತ್ತನ್ನೇ ಕೆಡಿಸಬಹುದು. ಆರೋಗ್ಯಕ್ಕೆಂದು ಹಾಕಿದ್ದೇ ಮುಳುವಾಗುತ್ತಿತ್ತಲ್ಲ ಎಂದು ಕೈ ನಡುಗಿತು. ಎರಡು ಕೆಜಿ ಫೀಡ್ ಗುಂಡಿಗೆ ಹೋಯಿತು.

ಮರುದಿನ ನೆರಳಲ್ಲಿ ಬಾಡಿಸಿ ಕಲಸಿದೆ. ಆಷಾಢದ ಮಳೆಯಲ್ಲಿ ಈ ಎಲೆ ಬಾಡುವುದಾದರೂ ಹೇಗೆ? ಮತ್ತೆ ಮುದ್ದೆ. ಆಗ ಅತ್ತೆ, "ಎರಡನ್ನೂ ಯಾಕೆ ಕಲಸ್ತೀಯೇ? ಸೊಪ್ಪು ಬೇರೆ ಕಟ್ಟು, ಕುಕ್ಕಿ ತಿನ್ಲಿ" ಅಂದರು. ಈಗ ಸಂಜೆ ನಾಲ್ಕು ಗಂಟೆಗೆ, 20 ಮರಿಗೆ ಒಂದು ಹಿಡಿ ಸೊಪ್ಪನ್ನು ಬಾಳೆನಾರಿನಲ್ಲಿ ಕಟ್ಟಿ ತಲೆಮಟ್ಟಕ್ಕೆ ತೂಗುಹಾಕುತ್ತೇನೆ. ಅರ್ಧ ಗಂಟೆಗೆ ಬರೀ ದಂಟು ಉಳಿದಿರುತ್ತದೆ. ಅದನ್ನೂ ತೆಗೆದುಬಿಡುತ್ತೇನೆ.

ಒರೆಗಾನೊದಲ್ಲಿರುವ ಕಾರ್ವಕ್ರಾಲ್, ಥೈಮಾಲ್ ಎಂಬ ಘಾಟಿನ ಅಂಶಗಳು ದೊಡ್ಡಪತ್ರೆಯಲ್ಲೂ ಇವೆ. ಎರಡರ ಘಾಟು ಒಂದೇ ಥರ ಇರುವುದಕ್ಕೆ ಅದೇ ಕಾರಣ. ಎಣ್ಣೆಯಲ್ಲಿ ಅವು ಹೆಚ್ಚು ಗಾಢ, ನಿಜ. ದೊಡ್ಡ ಫಾರಂನವರು ಮೇವಿಗೆ ಬೆರೆಸುವ ಪುಡಿ ರೂಪದ್ದು ತಂದರೆ ನೀರಿನ ತೊಂದರೆ ಇರಲಾರದು. 60 ಮರಿಗೆ ಆ ಖರ್ಚು ನನಗೆ ಹೆಚ್ಚು.

ತೂಕದಲ್ಲಿ ಮೂರು ಪಾಲಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ದೊಡ್ಡಪತ್ರೆ ಪಾಲಿನ ಹಿಕ್ಕೆ ಮಾತ್ರ ಗಟ್ಟಿಯಾಗಿತ್ತು, ಹೊಟ್ಟು ಬೇಗ ಒದ್ದೆಯಾಗಲಿಲ್ಲ. ಸೊಪ್ಪು ಔಷಧಿಯಲ್ಲ. ಐದನೇ ವಾರ ಮಜ್ಜಿಗೆ ಹುಲ್ಲಿನ ಪಾಲಿನಲ್ಲಿ ರಕ್ತ ಕಂಡಾಗ ಪಶುವೈದ್ಯರನ್ನೇ ಕೇಳಿ, ಮೂರೂ ಪಾಲಿಗೆ ರಕ್ತಭೇದಿಯ ಔಷಧಿ ಆಂಪ್ರೋಲಿಯಂ ಕೊಟ್ಟೆ.

ತಂಬುಳಿಗೆಂದು ಬೆಳೆಸಿದ್ದ ಎರಡು ಗಿಡ ಸಾಲಲಿಲ್ಲ. ಬಚ್ಚಲ ನೀರು ಹರಿಯುವ ಕಡೆ 30 ಕಡ್ಡಿ ಊರಿದ್ದೇನೆ, ಆಗಲೇ ಚಿಗುರಿವೆ.