ಹಳೆ 320ಡಿಗೆ ಮುಂದಿನ ಆರ್ಮ್: ಕಂಪನಿ ಡಬ್ಬಿ, ಲೆಮ್‌ಫೋರ್ಡರ್, ಮೈಲೆ, ಪಾಲಿ ಬುಷ್. ಕೊಡಗಿನ ರಸ್ತೆಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಬಿಎಂಡಬ್ಲ್ಯೂ ಇ90 (320ಡಿ ಸೇರಿದ ಹಳೆಯ 3 ಸೀರೀಸ್ ಕಾರಿನ ಒಳಹೆಸರು) ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಮುಂದಿನ ಸಸ್ಪೆನ್ಶನ್ ಹೊಸದು ಮಾಡಿಸಬೇಕು ಎಂದಿರುವವರು ಲೆಮ್‌ಫೋರ್ಡರ್‌ನ ಪೂರ್ತಿ ಆರ್ಮ್ (ಚಕ್ರವನ್ನು ಕಾರಿನ ಅಡಿಗೆ ಸೇರಿಸುವ ಲೋಹದ ದಂಡ) ತರಿಸಿಕೊಳ್ಳಿ. ಕಂಪನಿ ಡಬ್ಬಿಯದು, ಅಂದರೆ ಬಿಎಂಡಬ್ಲ್ಯೂ ಹೆಸರಲ್ಲೇ ಬರುವುದು, ಕೆಟ್ಟದ್ದಲ್ಲ, ಆದರೆ ದುಬಾರಿ. ಮೈಲೆ ಕಂಪನಿಯ ಎಚ್‌ಡಿ ಆರ್ಮ್ ಗಟ್ಟಿ, ಆದರೆ ಗಡಸು. ಪಾಲಿ ಬುಷ್ (ಆರ್ಮಿನ ತುದಿಯಲ್ಲಿ ರಬ್ಬರಿನ ಬದಲು ಪಾಲಿಯುರೆಥೇನ್ ಹಾಕಿದ ಮೆತ್ತೆ) ನಮ್ಮ ಮಳೆಗೆ ಆಗಿಬರುವುದಿಲ್ಲ. ಹೆಸರೇ ಇಲ್ಲದ ಅಗ್ಗದ ಆರ್ಮ್ ಮಾತ್ರ ಘಾಟಿ ಇಳಿಯುವ ಕಾರಿಗೆ ಬೇಡವೇ ಬೇಡ. ಇವನ್ನೆಲ್ಲ ಹಾಕಿ ಓಡಿಸಿ ನೋಡಿದ ಮೇಲಿನ ಮಾತು ಇದು. ಜೊತೆಗೆ ಇನ್ನೊಂದಿದೆ: ಯಾವ ಡಬ್ಬಿ ತಂದರೂ ಬೋಲ್ಟ್ ಬಿಗಿಮಾಡುವ ಕ್ರಮ ತಪ್ಪಿದರೆ ಅಷ್ಟೂ ದುಡ್ಡು ನೀರುಪಾಲು. ಅದಕ್ಕೇ ಕೆಳಗೆ ಬೆಲೆಗಿಂತ ಬೋಲ್ಟಿನ ಮಾತೇ ಹೆಚ್ಚಿದೆ.

ಇ90ಯ ಮುಂದಿನ ಒಂದೊಂದು ಚಕ್ರಕ್ಕೂ ಕೆಳಗೆ ಎರಡೆರಡು ಅಲ್ಯೂಮಿನಿಯಂ ಆರ್ಮ್. ಒಂದು ನೇರವಾಗಿ ಅಡ್ಡಕ್ಕೆ ಹೋಗುತ್ತದೆ. ಇನ್ನೊಂದು ಬಾಗಿದ್ದು, ಚಕ್ರದಿಂದ ಮುಂದಕ್ಕೆ ಓರೆಯಾಗಿ ಸಬ್‌ಫ್ರೇಮಿಗೆ (ಎಂಜಿನ್ ಅಡಿಯ ಚೌಕಟ್ಟಿಗೆ) ಸೇರುತ್ತದೆ. ಇದಕ್ಕೆ ಟೆನ್ಶನ್ ಸ್ಟ್ರಟ್ ಅನ್ನುತ್ತಾರೆ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಹೋಗಲು ನೋಡುತ್ತದೆ, ಅದನ್ನು ಎಳೆದು ಹಿಡಿಯುವುದು ಈ ಬಾಗಿದ ಆರ್ಮ್. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದಲ್ಲೋ ಇಳಿಯುವಾಗ ಪ್ರತಿ ತಿರುವಿನಲ್ಲೂ ಭಾರ ಬೀಳುವುದು ಇದರ ಬುಷ್ ಮೇಲೆ.

ಆ ಬುಷ್ ಬರೀ ರಬ್ಬರ್ ಅಲ್ಲ. ಒಳಗೆ ಎರಡು ಕೋಣೆ, ನಡುವೆ ಸಣ್ಣ ಕಾಲುವೆ, ಅದರೊಳಗೆ ದ್ರವ. ಚಕ್ರದ ನಡುಕ ಬಂದಾಗ ದ್ರವ ಆ ಕಾಲುವೆಯಲ್ಲಿ ಹಿಂದೆ ಮುಂದೆ ಓಡಾಡಿ ನಡುಕವನ್ನು ನುಂಗುತ್ತದೆ. ರಬ್ಬರ್ ಸೀಳಿದರೆ ದ್ರವ ಸೋರಿಹೋಗುತ್ತದೆ. ಆಮೇಲೆ ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಬ್ರೇಕ್ ಮುಟ್ಟಿದರೆ ಸ್ಟೇರಿಂಗ್ ಎಡಬಲ ನಡುಗುತ್ತದೆ. ಬಹಳಷ್ಟು ಜನ ಇದನ್ನು ಡಿಸ್ಕ್ ಬೆಂಡ್ ಅಂದುಕೊಂಡು ಡಿಸ್ಕನ್ನು ಲೇತ್‌ಗೆ ಹಾಕಿಸುತ್ತಾರೆ, ಇಲ್ಲವೇ ಹೊಸ ಡಿಸ್ಕೇ ಹಾಕಿಸುತ್ತಾರೆ. ಹೊಸ ಡಿಸ್ಕ್ ಹಾಕಿದಾಗ ನಡುಕ ಸ್ವಲ್ಪ ತಗ್ಗಿದಂತೆ ಕಾಣುವುದರಿಂದ ಮೂಲ ಕಾರಣ ಮುಚ್ಚಿಹೋಗುತ್ತದೆ, ಕೆಲವು ತಿಂಗಳಿಗೆ ನಡುಕ ಮತ್ತೆ ಹಾಜರ್.

ಕೊಡಗಿನಲ್ಲಿ ಈ ದೋಷ ಬೇಗ ಸಿಕ್ಕುವುದೂ ಇಲ್ಲ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ 80ರ ಮೇಲೆ ಓಡಿಸುವ ಜಾಗವೇ ಕಡಿಮೆ. ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣದ ನೇರ ರಸ್ತೆಗೆ ಬಿದ್ದಾಗಲೇ ಅದು ಗೊತ್ತಾಗುವುದು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬರೀ ಊರೊಳಗೆ ಓಡಿಸಿ ಮುಂಗಡ ಕೊಡಬೇಡಿ, ಆ ರಸ್ತೆಯವರೆಗೆ ಒಯ್ದು ಬ್ರೇಕ್ ಒತ್ತಿ ನೋಡಿ.

ಬಾಲ್ ಜಾಯಿಂಟ್, ಅಂದರೆ ಆರ್ಮಿನ ಚಕ್ರದ ಕಡೆಯ ತುದಿಯ ಗುಂಡು ಕೀಲು, ಹೋದರೆ ಲಕ್ಷಣ ಬೇರೆ. ಸ್ಟೇರಿಂಗ್ ತಿರುಗಿಸಿಕೊಂಡು ರಿವರ್ಸ್ ತೆಗೆಯುವಾಗ, ತೋಟದ ಗೇಟಿನ ಹಂಪ್ ಹತ್ತುವಾಗ ಒಂದೇ ಒಂದು 'ಟಕ್' ಶಬ್ದ. ರಬ್ಬರ್ ಟೋಪಿ ಒಡೆದು ಕೆಸರು ನೀರು ಒಳಗೆ ಹೋಗಿರುತ್ತದೆ. ಪರೀಕ್ಷೆಗೆ ಮುಂಚೆ ಅಡಿಭಾಗವನ್ನು ಪ್ರೆಶರ್ ನೀರಲ್ಲಿ ತೊಳೆಸಿ, ಒಣಗಿಸಿ, ಸ್ವಲ್ಪ ಓಡಿಸಿ ಆಮೇಲೆ ನೋಡಿ. ಕೆಂಪು ಕೆಸರಿನ ಕೆಳಗೆ ಬುಷ್ ಸೋರಿದ ಕಪ್ಪು ಜಿಡ್ಡು ಕಾಣುವುದೇ ಇಲ್ಲ.

ಈಗ ಒಂದೊಂದಾಗಿ.

ಕಂಪನಿ ಡಬ್ಬಿ. ಚಾಸಿಸ್ ನಂಬರಿನ ಕೊನೆಯ 7 ಅಕ್ಷರ ಕೊಟ್ಟರೆ ಸರಿಯಾದ ಪಾರ್ಟ್ ಬರುತ್ತದೆ, ಡುಪ್ಲಿಕೇಟ್ ಭಯವಿಲ್ಲ. ಓಡಿಸುವಾಗ ಲೆಮ್‌ಫೋರ್ಡರ್‌ಗೂ ಇದಕ್ಕೂ ಕೂದಲೆಳೆ ವ್ಯತ್ಯಾಸವೂ ಗೊತ್ತಾಗಲಿಲ್ಲ. ಹಾಗಿದ್ದ ಮೇಲೆ ಹೆಚ್ಚಿನ ದುಡ್ಡು ಡಬ್ಬಿಗೆ ಮಾತ್ರ.

ಲೆಮ್‌ಫೋರ್ಡರ್. ಇದು ಝಡ್‌ಎಫ್ ಸಮೂಹದ ಬ್ರ್ಯಾಂಡ್, ಬಿಎಂಡಬ್ಲ್ಯೂಗೆ ಸಸ್ಪೆನ್ಶನ್ ಪಾರ್ಟ್ ಮಾಡಿಕೊಡುವವರಲ್ಲಿ ಒಬ್ಬರು. ಎಷ್ಟೋ ಆರ್ಮ್‌ಗಳ ಮೇಲೆ ಕಾರು ಕಂಪನಿಯ ಗುರುತು ಇದ್ದ ಜಾಗವನ್ನು ಉಜ್ಜಿ ತೆಗೆದ ಕಲೆ ಹಾಗೇ ಕಾಣುತ್ತದೆ. ಅದೇ ದ್ರವದ ಬುಷ್, ಅದೇ ಮೆದುತನ. ಗುಂಡಿ ಬಿದ್ದಾಗ ಸ್ಟೇರಿಂಗಿಗೆ ಬರುವುದು ಮೊಂಡಾದ ಒಂದು ತಟ್ಟು, ಅಷ್ಟೇ. ಬ್ರೇಕಿನಲ್ಲಿ ಕಾರು ನೇರ ನಿಲ್ಲುತ್ತದೆ. ತರಿಸುವಾಗ ಒಂದೇ ಎಚ್ಚರ: ಎಡಗಡೆಯದು ಬೇರೆ, ಬಲಗಡೆಯದು ಬೇರೆ, ಡಬ್ಬಿ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡಿಯ ಬಿಂಬದಂತೆ ಇವೆಯೇ ಎಂದು ನೋಡಿಕೊಂಡೇ ಹಳೆಯದನ್ನು ಬಿಚ್ಚಿಸಿ. ಕಾರು ಜಾಕಿನ ಮೇಲಿದ್ದಾಗ ತಪ್ಪು ಪಾರ್ಟ್ ಅಂತ ಗೊತ್ತಾದರೆ ಬೆಂಗಳೂರಿನಿಂದ ಇನ್ನೊಂದು ಬರುವವರೆಗೆ ಗ್ಯಾರೇಜಿನ ಜಾಗ ಕಟ್ಟಿಹಾಕಿದ ಹಾಗೆ.

ಮೈಲೆ ಎಚ್‌ಡಿ. ಇವರು ದ್ರವವನ್ನೇ ಕೈಬಿಟ್ಟು ಗಟ್ಟಿ ರಬ್ಬರಿನ ಬುಷ್ ಹಾಕುತ್ತಾರೆ, 4 ವರ್ಷದ ಗ್ಯಾರಂಟಿ ಕೊಡುತ್ತಾರೆ. ದ್ರವವೇ ಇಲ್ಲದ ಮೇಲೆ ಸೋರುವ ಪ್ರಶ್ನೆಯೇ ಇಲ್ಲ. ಆದರೆ ಮಳೆ ಮುಗಿದ ಮೇಲೆ ಜಲ್ಲಿ ಎದ್ದ ರಸ್ತೆಯಲ್ಲಿ ಸಣ್ಣ ಸಣ್ಣ ಅದುರು ಕೈಗೆ ಬರುತ್ತಲೇ ಇರುತ್ತದೆ, ದೂರದ ದಾರಿಯಲ್ಲಿ ಅದು ಆಯಾಸ. ಕಾರಿನ ಓಡಾಟ ಬಹುತೇಕ ತೋಟ, ಪೇಟೆ, ಮತ್ತೆ ತೋಟ ಅಷ್ಟೇ ಆಗಿದ್ದರೆ ಇದು ಒಳ್ಳೆಯ ಎರಡನೇ ಆಯ್ಕೆ. ಮೈಸೂರು, ಮಂಗಳೂರಿಗೆ ಮೇಲಿಂದ ಮೇಲೆ ಹೋಗುವ ನನ್ನಂಥವರಿಗೆ ಅಲ್ಲ.

ಹಳೆ ಆರ್ಮ್‌ಗೆ ಬುಷ್ ಮಾತ್ರ. ಬುಷ್ ಬಿಡಿಯಾಗಿ ಸಿಗುತ್ತದೆ, ದುಡ್ಡು ಉಳಿಯುತ್ತದೆ. ಆದರೆ ಪ್ರೆಸ್‌ನಲ್ಲಿ ಹಳೆಯದನ್ನು ನೂಕುವಾಗ ಅಲ್ಯೂಮಿನಿಯಂ ಕಣ್ಣಿಗೆ ಗೀರು ಬಿದ್ದರೆ ಹೊಸದು ಸಡಿಲ ಕೂರುತ್ತದೆ. ಬುಷ್ ಕೂರುವ ದಿಕ್ಕಿಗೂ ಗುರುತಿದೆ. ದಿಕ್ಕು ತಪ್ಪಿದರೆ ದ್ರವದ ಕೋಣೆಗಳು ಬ್ರೇಕಿನ ಎಳೆತಕ್ಕೆ ಅಡ್ಡಲಾಗಿ ನಿಂತು ಕೆಲಸವನ್ನೇ ಮಾಡುವುದಿಲ್ಲ. ಇಷ್ಟೆಲ್ಲ ಆದಮೇಲೂ ಬಾಲ್ ಜಾಯಿಂಟ್ ಹಳೆಯದೇ ಉಳಿಯಿತಲ್ಲ! ಆರ್ಮ್ ಇತ್ತೀಚೆಗೆ ಹಾಕಿಸಿದ್ದು, ಬುಷ್ ಮಾತ್ರ ಸೀಳಿದೆ ಎಂದಿದ್ದರೆ ಮಾತ್ರ ಈ ದಾರಿ.

ಪಾಲಿ ಬುಷ್. ಒಳಗಿನ ಲೋಹದ ಕೊಳವೆ ಗ್ರೀಸ್ ಮೇಲೆ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನಲ್ಲೇ ಓಡುವ ಕಾರಿನಲ್ಲಿ ಆ ಗ್ರೀಸ್ ತೊಳೆದುಹೋಗಿ ಕೆಸರು ಸೇರಿಕೊಳ್ಳುತ್ತದೆ, ಕೀಚ್ ಕೀಚ್ ಶುರು. ಗಡಸು ಎಷ್ಟೆಂದರೆ ಅಡ್ಡ ತಿರುಚನ್ನು ಬುಷ್ ತಾನು ತಾಳದೆ ಬಾಲ್ ಜಾಯಿಂಟಿಗೆ ದಾಟಿಸುತ್ತದೆ.

ಎಂ3ಯ (ಇದೇ ಸರಣಿಯ ವೇಗದ ಮಾದರಿ) ಆರ್ಮ್ ಹಾಕುವವರೂ ಇದ್ದಾರೆ. ಕ್ಯಾಂಬರ್ (ಚಕ್ರ ಒಳಕ್ಕೆ ವಾಲುವ ಕೋನ) ಹೆಚ್ಚಾಗಿ ತಿರುವಿನಲ್ಲಿ ಹಿಡಿತ ಚೆನ್ನ, ಆದರೆ ನಮ್ಮ ಗುಂಡಿಗಳಿಗೆ ಅದು ತೀರಾ ಬಿಗಿ.

ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯ ಹೆಸರಿಲ್ಲದ ಅಗ್ಗದ ಆರ್ಮ್: ಬಾಲ್ ಜಾಯಿಂಟ್ ಪಿನ್ನನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಒಳ್ಳೆಯದರಲ್ಲಿ ಕೈಬೆರಳಿಗೆ ಸುಲಭವಾಗಿ ಜಗ್ಗದ ಬಿಗಿ ಇರುತ್ತದೆ. ಹೊಸದರಲ್ಲೇ ಸಲೀಸಾಗಿ ವಾಲಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಗುಜರಿ ಆರ್ಮ್ ಬೇಡ, ಅದರ ಕಾರು ಅಪಘಾತದ್ದೋ ಏನೋ ಗೊತ್ತಾಗುವುದಿಲ್ಲ.

ಇನ್ನು ಬೋಲ್ಟಿನ ವಿಷಯ. ಇದನ್ನು ಗ್ಯಾರೇಜಿನವರಿಗೆ ಓದಿ ಹೇಳಿದರೂ ಸರಿಯೇ.

ಬುಷ್‌ನ ರಬ್ಬರ್ ಒಳಗಿನ ಲೋಹದ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡೇ ಇರುತ್ತದೆ, ಜಾರುವುದಿಲ್ಲ. ಬೋಲ್ಟ್ ಬಿಗಿಮಾಡಿದಾಗ ಒಳಗಿನ ಕೊಳವೆ ಸಬ್‌ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಆರ್ಮ್ ಯಾವ ಕೋನದಲ್ಲಿದೆಯೋ ಅದೇ ರಬ್ಬರಿನ ನೆಮ್ಮದಿಯ ಸ್ಥಿತಿ. ಕಾರನ್ನು ಜಾಕಿನ ಮೇಲೆ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬಿಗಿಮಾಡಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ಹಿಂಡಿ ಹಿಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ ಬಿಡುವಿಲ್ಲ. ಅದರ ಮೇಲೆ ಗುಂಡಿಯ ಹೊಡೆತ, ಘಾಟಿಯ ಬ್ರೇಕು. ವರ್ಷಗಟ್ಟಲೆ ಬಾಳಬೇಕಾದ ಬುಷ್ ಒಂದೇ ಮಳೆಗಾಲಕ್ಕೆ ಸೀಳಿ ದ್ರವ ಕಾರುತ್ತದೆ. ಬೈಗುಳ ಮಾತ್ರ ಪಾರ್ಟಿಗೆ.

ನಮ್ಮ ಕಡೆ ಹಲವು ಗ್ಯಾರೇಜುಗಳಲ್ಲಿ ಇರುವುದು ಎರಡು ಕಂಬದ ಲಿಫ್ಟು, ಇಲ್ಲವೇ ಬರೀ ಜಾಕು. ಎರಡರಲ್ಲೂ ಚಕ್ರ ಜೋತುಬೀಳುತ್ತದೆ. ಕೆಲಸ ಬಲ್ಲವರೂ ಎತ್ತಿದ ಕಡೆಯೇ ಬಿಗಿಮಾಡಿ ಮುಗಿಸುವುದು ಹೀಗೇ. ದಾರಿ ಕಷ್ಟದ್ದಲ್ಲ:

ಕಾರು ಎತ್ತುವ ಮುಂಚೆ, ಸಮನಾದ ನೆಲದಲ್ಲಿ, ಟೈರಿಗೆ ಸರಿಯಾದ ಗಾಳಿ ಇರುವಾಗ, ಚಕ್ರದ ನಡುವಿನಿಂದ ನೇರ ಮೇಲಕ್ಕೆ ಫೆಂಡರಿನ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎಡ, ಬಲ ಎರಡನ್ನೂ ಅಂಟುಪಟ್ಟಿಯ ಮೇಲೆ ಬರೆದು ಫೆಂಡರಿಗೇ ಅಂಟಿಸಿ. ಬೋಲ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮರುದಿನ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಕಲ್ಲು, ಇಟ್ಟಿಗೆ ಕೂಡದು), ಕೆಳಗಿನ ಕವಚ ಬಿಚ್ಚಿ. ಬಾಲ್ ಜಾಯಿಂಟ್ ಬಿಡಿಸಲು ಪುಲ್ಲರ್ ಬಳಸಿ. ನಕಲ್ (ಚಕ್ರ ಕೂರುವ, ಆರ್ಮ್ ಬಂದು ಸೇರುವ ಭಾಗ) ಅಲ್ಯೂಮಿನಿಯಂ ಆದ್ದರಿಂದ ಸುತ್ತಿಗೆ ಏಟು ಬಿದ್ದರೆ ಪಿನ್ ಕೂರುವ ಕುಳಿ ಕೆಟ್ಟು, ಆರ್ಮಿಗಿಂತ ದೊಡ್ಡ ಖರ್ಚು ಬರುತ್ತದೆ. ಹೊಸ ಆರ್ಮಿಗೆ ಹೊಸ ನಟ್ಟೇ ಆಗಬೇಕು, ಸೆಲ್ಫ್ ಲಾಕಿಂಗ್ ನಟ್ ಒಂದು ಸಲಕ್ಕೆ ಮಾತ್ರ. ಬಾಲ್ ಜಾಯಿಂಟ್ ನಟ್ಟನ್ನು ಪೂರ್ತಿ ಬಿಗಿಮಾಡಬಹುದು, ಅದಕ್ಕೆ ಕೋನದ ಹಂಗಿಲ್ಲ. ಸಬ್‌ಫ್ರೇಮ್ ಕಡೆಯ ಬೋಲ್ಟ್ ಮಾತ್ರ ಕೈಬಿಗಿ, ಅಷ್ಟಕ್ಕೇ ನಿಲ್ಲಿಸಿ.

ಈಗ ಕಾರು ಸ್ಟ್ಯಾಂಡ್ ಮೇಲಿರುವಾಗಲೇ ಇನ್ನೊಂದು ಜಾಕನ್ನು ನಕಲ್‌ನ ಅಡಿಗೆ, ಮರದ ತುಂಡು ಇಟ್ಟು, ನಿಧಾನ ಎತ್ತಿ. ಆರ್ಮಿಗಾಗಲೀ ಬಾಲ್ ಜಾಯಿಂಟಿಗಾಗಲೀ ಜಾಕ್ ಕೊಡಬೇಡಿ. ಅಂಟುಪಟ್ಟಿಯಲ್ಲಿ ಬರೆದ ಅಳತೆಗೆ ಬಂದಾಗ ನಿಲ್ಲಿಸಿ ಸಬ್‌ಫ್ರೇಮ್ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ನಿಗದಿತ ಬಿಗಿಗೆ ತನ್ನಿ. ಜಾಕ್ ಎತ್ತುವಾಗ ಕಾರೇ ಸ್ಟ್ಯಾಂಡಿನಿಂದ ಮೇಲೇಳಲು ಶುರುವಾದರೆ ಅಲ್ಲಿಗೇ ಬಿಟ್ಟು ಇನ್ನೊಂದು ದಾರಿ ಹಿಡಿಯಿರಿ: ಚಕ್ರ ಹಾಕಿ, ನಾಲ್ಕೂ ಚಕ್ರದಡಿ ಒಂದೇ ಎತ್ತರಕ್ಕೆ ದಪ್ಪ ಹಲಗೆ ಪೇರಿಸಿ ಕಾರು ಇಳಿಸಿ, ಒಂದೆರಡು ಸಲ ಮುಂದಿನ ಭಾಗವನ್ನು ಒತ್ತಿ ಕುಲುಕಿಸಿ, ಅಡಿಯಿಂದ ಬಿಗಿಮಾಡಿ. ಸಿಲ್ವರ್ ಓಕ್ ಹಲಗೆಗೆ ನಮ್ಮಲ್ಲಿ ಬರವಿಲ್ಲ. ಮೈಸೂರಿನಲ್ಲಿ ಅಲೈನ್‌ಮೆಂಟಿಗೆ ಹೋಗುವವರು ನಾಲ್ಕು ಕಂಬದ ಲಿಫ್ಟಿನ ಮೇಲೆ, ಚಕ್ರದ ಮೇಲೇ ನಿಂತಿರುವಾಗ, ಇದನ್ನು ಸಡಿಲಿಸಿ ಮತ್ತೆ ಬಿಗಿಮಾಡಿಸಿಕೊಳ್ಳಬಹುದು. ಅಲ್ಲಿಯವರೆಗೆ ಸಡಿಲ ಬೋಲ್ಟಿನಲ್ಲಿ ಮಾತ್ರ ಓಡಿಸಕೂಡದು.

ಆರ್ಮ್ ಬದಲಾದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಯಿಲ್ಲದಿದ್ದರೆ ಟೈರಿನ ಅಂಚು ಸದ್ದಿಲ್ಲದೆ ತಿಂದುಹೋಗುತ್ತದೆ.

ಟೈರಿನ ಮಾತು ಬಂತಾದ್ದರಿಂದ ಅದನ್ನೂ ಹೇಳಬೇಕು. ರನ್‌ಫ್ಲಾಟ್‌ನ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರಿನ) ಗಡಸು ಗೋಡೆ ಗುಂಡಿಯ ಹೊಡೆತವನ್ನು ನೇರ ಬುಷ್‌ಗೆ ಕೊಡುತ್ತದೆ. 205/55 ಆರ್16 ಸಾಮಾನ್ಯ ಟೈರ್ ಹಾಕಿದರೆ ಅದೇ ಆರ್ಮ್, ಅದೇ ರಸ್ತೆ, ಕಾರು ಮಾತ್ರ ಬೇರೆಯೇ ಅನ್ನಿಸುವಷ್ಟು ಮೆದು. ತೊಂದರೆ ಏನೆಂದರೆ ಡಿಕ್ಕಿಯಲ್ಲಿ ಸ್ಟೆಪ್ನಿಗೆ ಗುಳಿ ಇಲ್ಲ. ಪಂಕ್ಚರ್ ದ್ರವ ಮೊಳೆಗೆ ಸಾಕು, ಗುಂಡಿಯ ಅಂಚಿಗೆ ಗೋಡೆ ಸೀಳಿದರೆ ಏನೂ ಮಾಡದು. ಮಾಕುಟ್ಟದ ಕಾಡಿನ ನಡುವೆ ಅಥವಾ ರಾತ್ರಿ ಹೊತ್ತು ಭಾಗಮಂಡಲದ ದಾರಿಯಲ್ಲಿ ಹಾಗಾದರೆ ರನ್‌ಫ್ಲಾಟ್ ನಿಧಾನಕ್ಕಾದರೂ ಮನೆ ಮುಟ್ಟಿಸಬಹುದು. ನಾನು ಸಾಮಾನ್ಯ ಟೈರಿನ ಪಕ್ಷ. ಡಿಕ್ಕಿಯಲ್ಲಿ ಪೂರ್ತಿ ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಪಟ್ಟಿಯಲ್ಲಿ ಬಿಗಿದು ಇಟ್ಟುಕೊಳ್ಳುವುದು. ಸಾಮಾನಿಗೆ ಜಾಗ ಕಮ್ಮಿಯಾಗುತ್ತದೆ, ಆಗಲಿ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಕ್ರಮ ಹೀಗಿರಲಿ. ಮೊದಲು ಟೆನ್ಶನ್ ಸ್ಟ್ರಟ್ ಜೋಡಿ. ಒಂದೇ ಕಡೆ ಹಾಕಿಸಬೇಡಿ, ಬ್ರೇಕಿನಲ್ಲಿ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಜೊತೆಗೆ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ), ಅದು ಅಗ್ಗ. ಆಮೇಲೆ ಅಡ್ಡ ಆರ್ಮ್ ಜೋಡಿ. ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಅದನ್ನೂ ಜೋಡಿಯಾಗಿ, ಮೇಲಿನ ಮೌಂಟ್ ಸಮೇತ. ಆದರೆ ಅಡ್ಡ ಆರ್ಮನ್ನು ಹೀಗೆ ಮುಂದೂಡಿದರೆ ಅಲೈನ್‌ಮೆಂಟಿಗೆ ಎರಡು ಸಲ ದುಡ್ಡು ಹೋಗುತ್ತದೆ. ಕಾಫಿ ದುಡ್ಡು ಕೈಗೆ ಬರುವವರೆಗೆ ಕಾಯಲು ಸಾಧ್ಯವಿದ್ದರೆ ನಾಲ್ಕೂ ಆರ್ಮ್ ಒಟ್ಟಿಗೇ ಹಾಕಿಸುವುದು ಲೇಸು. ಏಪ್ರಿಲ್, ಮೇ ಒಳಗೆ ಮುಗಿಸಿ: ಜೂನ್ ಹಿಡಿದರೆ ಹೊರಗಿನ ಅಂಗಳದಲ್ಲಿ ಕಾರಿನಡಿ ಮಲಗಿ ಟಾರ್ಕ್ ಅಳೆಯಲು ಯಾರೂ ಒಪ್ಪುವುದಿಲ್ಲ, ಆತುರದಲ್ಲಿ ಬಿಗಿಮಾಡಿ ಕಳಿಸುತ್ತಾರೆ.