ಬೆಟಗೇರಿಯ ವಿವೇಚನೆಯ ತರಗತಿ: ಗದ್ದಲ ಇಲ್ಲ, ಪಾಠ ಜಾಸ್ತಿ

ಆತ್ಮಿಕ ಯುದ್ಧದ ಕೂಟ, ಅಂದ್ರೆ ದುಷ್ಟಶಕ್ತಿಗಳ ವಿರುದ್ಧ ಪ್ರಾರ್ಥಿಸುವ ಕ್ರೈಸ್ತರ ಕೂಟ, ಅಂದಾಗ ನಮ್ಮ ಕಡೆ ಜನರಿಗೆ ನೆನಪಾಗುವುದು ದೊಡ್ಡ ಸ್ಪೀಕರ್, ತಡರಾತ್ರಿಯವರೆಗೆ ಕೂಗಾಟ. ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ಸಣ್ಣ ಕ್ರೈಸ್ತ ಸಭೆಯೊಂದು ಶನಿವಾರ, ಭಾನುವಾರ ಮಧ್ಯಾಹ್ನ ನಡೆಸಿದ ತರಗತಿಯಲ್ಲಿ ಅದ್ಯಾವುದೂ ಇರಲಿಲ್ಲ. ಒಂದು ಕಪ್ಪು ಹಲಗೆ, ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲರ ತೊಡೆಯ ಮೇಲೆ ಬೈಬಲ್. ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ದೆವ್ವ ಬಿಡಿಸುತ್ತೇವೆ ಎಂಬ ಮಾತು ನಂಬಿ, ಗುಳಿಗೆ ನಿಲ್ಲಿಸಿ, ಕೊನೆಗೆ ವಾರ್ಡಿಗೆ ಬರುವವರನ್ನು ನೋಡುತ್ತಲೇ ಇರುತ್ತೇನೆ. ಅದಕ್ಕೇ ಗದಗದ ರೈಲು ಹತ್ತಿದೆ.

ಬೈಬಲ್ ಹಿಡಿದು ಕೂತು ಕಲಿಯುವುದು ಬೆಟಗೇರಿಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಹಾಕಿದರು. ತರಗತಿಗೆ ಬಂದಿದ್ದ ಅಜ್ಜಂದಿರು, ಯಾವ ಬೈಬಲ್ ವಚನ ಅಂತ ಪಾಠ ಮಾಡುವವರು ಹೇಳುವಷ್ಟರಲ್ಲಿ, ಪುಟ ತೆಗೆದಿರುತ್ತಿದ್ದರು.

ಮೊದಲ ದಿನ ಪೂರ್ತಿ ವಿವೇಚನೆಗೇ, ಅಂದರೆ ಯಾವುದು ದೇವರಿಂದ ಬಂದದ್ದು, ಯಾವುದು ಅಲ್ಲ ಅಂತ ಗುರುತಿಸುವುದಕ್ಕೇ ಕೊಟ್ಟರು. ಇದು ನನಗೆ ತುಂಬಾ ಹಿಡಿಸಿತು. ಕತ್ತಲಲ್ಲಿ ಕತ್ತಿ ಬೀಸಿದರೆ ಪಕ್ಕದವನಿಗೇ ತಾಗುತ್ತದೆ, ಅಲ್ವಾ? ಯೋಹಾನನ ಮೊದಲ ಪತ್ರಿಕೆಯ 4ನೇ ಅಧ್ಯಾಯದಿಂದ ಶುರು: ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷಿಸಿ. ಆಮೇಲೆ ಬೈಬಲಿನಲ್ಲಿ ಬರುವ ಬೆರೋಯ ಊರಿನವರು. ಅಪೊಸ್ತಲ ಪೌಲನೇ ಬಂದು ಬೋಧಿಸಿದರೂ ಅವರು ದಿನಾಲೂ ಶಾಸ್ತ್ರ ತೆಗೆದು ತಾಳೆ ನೋಡಿದರು. ಪಾಠ ಮಾಡಿದ ಸಭಾಪಾಲಕರು (ಪಾಸ್ಟರ್) ಇಲ್ಲಿ ನಿಂತು, "ನನ್ನ ಮಾತನ್ನೂ ಹಂಗ ನೋಡ್ರಿ. ಮನಿಗೆ ಹೋಗಿ ಓದಿ, ತಪ್ಪಿದ್ರ ನಾಳೆ ಹೇಳ್ರಿ" ಅಂದರು. ಮರುದಿನ ಒಬ್ಬ ಹುಡುಗ ಎದ್ದು ನಿಂತು ಒಂದು ವಚನದ ಬಗ್ಗೆ ತಕರಾರು ತೆಗೆದಾಗ ಬೇಸರ ಮಾಡಿಕೊಳ್ಳದೆ ಕೂತು ಅವನ ಜೊತೆ ಓದಿದರು.

ಇಡೀ ತರಗತಿಯಲ್ಲಿ ಮನಸ್ಸಿಗೆ ನಾಟಿದ್ದು ಫಿಲಿಪ್ಪಿಯ ದಾಸಿಯ ಪ್ರಸಂಗ, ಅಪೊಸ್ತಲರ ಕೃತ್ಯಗಳು 16ರಲ್ಲಿ ಬರುತ್ತದೆ. ಕಣಿ ಹೇಳುವ ಹುಡುಗಿ ಅವಳು. ಪೌಲನ ಹಿಂದೆ ಹಿಂದೆ ಬಂದು, ಇವರು ಪರಾತ್ಪರ ದೇವರ ದಾಸರು ಅಂತ ಕೂಗುತ್ತಾಳೆ. ಮಾತು ಸುಳ್ಳಲ್ಲ. ಆದರೂ ಅವಳಲ್ಲಿದ್ದ ಆತ್ಮ ಬೇರೆ. ಹೇಳಿದ್ದು ನಿಜವಾಯಿತು ಅಂದ ಮಾತ್ರಕ್ಕೆ ಅದು ದೇವರಿಂದಲೇ ಬಂತು ಅನ್ನೋಕಾಗಲ್ಲ. ಸಭಾಪಾಲಕರು ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದರು: "ಲಾಭ ಯಾರಿಗೆ?" ಆ ಹುಡುಗಿಯ ಕಣಿಯಿಂದ ಒಡೆಯರು ದುಡ್ಡು ಮಾಡುತ್ತಿದ್ದರು. ಪೌಲ ಆ ಆತ್ಮವನ್ನು ಬಿಡಿಸಿ ಅವಳು ಬಿಡುಗಡೆಯಾದಾಗ ಆ ಒಡೆಯರು ಸಂತೋಷ ಪಡಲಿಲ್ಲ, ಸಂಪಾದನೆ ಹೋಯಿತು ಅಂತ ಪೌಲ, ಅವನ ಜೊತೆಗಾರ ಸೀಲರನ್ನು ಎಳೆದುಕೊಂಡು ಹೋದರು. ಪ್ರಾರ್ಥನೆಗೆ ರೇಟು ಕಟ್ಟುವವರನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ.

ಇನ್ನು ನನ್ನ ಕೆಲಸಕ್ಕೆ ಹತ್ತಿರದ ಮಾತು. ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಸೆರಗು ಬಾಯಿಗೆ ಹಿಡಿದು ಕೇಳಿದರು: "ಅಯ್ಯನೋರ, ನನ್ನ ಮಗಗ ಫಿಟ್ಸ್ ಬರ್ತಾವ್ರಿ. ಪ್ರಾರ್ಥನಾ ಮಾಡಿಸೇವಿ. ಗುಳಿಗಿ ಬಿಟ್ರ ನಂಬಿಕಿ ಆಗತೈತೇನ್ರಿ?" ಸಭಾಪಾಲಕರು ಮತ್ತಾಯ 4:24 ಓದಿಸಿದರು. ಯೇಸುವಿನ ಬಳಿಗೆ ಕರೆತಂದವರಲ್ಲಿ ದೆವ್ವ ಹಿಡಿದವರು, ಮೂರ್ಛೆ ರೋಗಿಗಳು, ಪಾರ್ಶ್ವವಾಯು ಬಡಿದವರು ಅಂತ ಬೇರೆ ಬೇರೆಯಾಗಿ ಬರೆದಿದೆ. ಅದೇ ಮತ್ತಾಯನ 17ರಲ್ಲಿ ಮೂರ್ಛೆಯ ಹುಡುಗನಿಂದ ದೆವ್ವ ಬಿಡಿಸಿದ್ದೂ ಇದೆ, ಅದನ್ನೂ ಮುಚ್ಚಿಡಲಿಲ್ಲ. "ಎರಡೂ ಅದಾವ. ಅದಕ್ಕ ನಾವಾಗೇ ದೆವ್ವ ಅಂತ ತೀರ್ಪು ಕೊಡಬಾರದು. ಗುಳಿಗಿ ಬಿಡಬ್ಯಾಡ್ರಿ ಯವ್ವಾ, ಪ್ರಾರ್ಥನಾನೂ ಬಿಡಬ್ಯಾಡ್ರಿ." ಫಿಟ್ಸ್ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂತ ನಾನೂ ಎದ್ದು ಹೇಳಿದೆ. ಮನಸ್ಸಿನ ಕಾಯಿಲೆಗೆ, ನರದ ಕಾಯಿಲೆಗೆ ಧಾರವಾಡದಲ್ಲೇ ಡಿಮ್ಹಾನ್ಸ್ ಆಸ್ಪತ್ರೆ ಇದೆ ಅಂತಲೂ ಹೇಳಿದೆ. ಪ್ರಾರ್ಥನೆಯ ಸಭೆಯಲ್ಲಿ ಹೀಗೆ ಮಾತಾಡಲು ಜಾಗ ಸಿಕ್ಕಿತಲ್ಲ, ಅದೇ ದೊಡ್ಡದು.

ಸಂತ ಇಗ್ನೇಷಿಯಸ್ ಲೊಯೋಲಾ ಅವರಿಂದಲೂ ಸಭಾಪಾಲಕರು ಒಂದು ಬುದ್ಧಿಮಾತು ತಂದರು. 16ನೇ ಶತಮಾನದ ಕ್ಯಾಥೊಲಿಕ್ ಗುರು ಅವರು. ಮನಸ್ಸು ಒಣಗಿ, ದೇವರು ದೂರ ಅನ್ನಿಸುವಾಗ ಹಿಂದೆ ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡಿ ಅಂತ ಅವರ ಸಲಹೆ. ನೈಟ್ ಡ್ಯೂಟಿ ಮುಗಿಸಿದ ಬೆಳಗಿನ ಹೊತ್ತಿಗೆ ಇದು ನನಗೆ ನಿಜಕ್ಕೂ ಬೇಕು.

ಎರಡನೇ ದಿನ ಅಷ್ಟು ಚೆನ್ನಾಗಿ ಆಗಲಿಲ್ಲ. ಹಾಡು, ಅನುಭವದ ಸಾಕ್ಷಿಗಳಲ್ಲೇ ಹೊತ್ತು ಹೋಗಿ, ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ ಸರ್ವಾಯುಧಗಳನ್ನು, ಅಂದರೆ ನಂಬಿಕೆಯನ್ನು ಗುರಾಣಿಗೆ ಹೋಲಿಸುವ ಭಾಗವನ್ನು, ಗಡಿಬಿಡಿಯಲ್ಲಿ ಮುಗಿಸಿದರು. ರೋಮ್ ಸೈನಿಕರ ಗುರಾಣಿ ಉದ್ದದ್ದು, ಅಕ್ಕಪಕ್ಕ ಜೋಡಿಸಿದರೆ ಗೋಡೆಯಾಗುತ್ತಿತ್ತು ಅಂತ ಹೇಳಿ ಮುಂದೆ ಹೋಗಿಬಿಟ್ಟರು. ಒಬ್ಬೊಬ್ಬರೇ ಹೋರಾಡುವುದಲ್ಲ, ಸಭೆಯಾಗಿ ನಿಲ್ಲುವುದು ಅನ್ನೋದನ್ನು ಅಲ್ಲೇ ಬಿಡಿಸಿ ಹೇಳಬೇಕಿತ್ತು. ಎಲ್ಲ ದೇವಜನರಿಗಾಗಿ ಪ್ರಾರ್ಥಿಸಿ ಅನ್ನುವ 18ನೇ ವಚನವನ್ನಂತೂ ಓದಲೇ ಇಲ್ಲ. ಜೆರಾಕ್ಸ್ ನೋಟ್ಸ್ ಮಸುಕಾಗಿತ್ತು, ಕನ್ನಡಕದವರಿಗೆ ಕಷ್ಟ.

ಫೀ ಇಲ್ಲ. ಕಾಣಿಕೆ ಡಬ್ಬಿ ಬಾಗಿಲ ಹತ್ತಿರ ಇತ್ತು, ಯಾರೂ ಅದರ ಮಾತು ಎತ್ತಲಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ. ಗದಗ ಸ್ಟೇಷನ್‌ನಿಂದ ಆಟೋ ಸಿಗುತ್ತದೆ.

ಮತ್ತೆ ನಡೆಸಿದರೆ ಯಾರಾದರೂ ಧೈರ್ಯವಾಗಿ ಹೋಗಬಹುದು. ನಡೆಸುವವರಿಗೆ ನನ್ನದು ಎರಡು ವಿನಂತಿ. ಸರ್ವಾಯುಧಗಳಿಗೆ ಇನ್ನೊಂದು ಮಧ್ಯಾಹ್ನ ಕೊಡಿ. ದೆವ್ವ ಬಿಡಿಸುವವರ ಹತ್ತಿರ ದುಡ್ಡು ಸುರಿದು ಸೋತು ಬಂದ ಮನೆಯವರು ಬೇರೆಯಾಗಿ ಕೂತು ಮಾತಾಡಲು ಒಂದು ಕೋಣೆ ಬಿಟ್ಟುಕೊಡಿ. ಆ ತಾಯಿ ಅಷ್ಟು ಜನರ ಮುಂದೆ ಕೇಳಬೇಕಾಗಿ ಬಂದದ್ದು ನನಗೆ ಸಂಕಟವಾಯಿತು.