ಹಿನ್ನೀರಿನ ಚೀಲ ಹೊತ್ತು ಕಡಲಿಗೆ ಹೋಗಬೇಡಿ

ಮಳೆಗಾಲ ಮುಗಿಯುತ್ತಾ ಬಂತು. ಇನ್ನು ನಮ್ಮ ಬಾಗಲಕೋಟೆ, ಬೀಳಗಿ ಕಡೆಯ ಹುಡುಗರು ಮೀನು ಹಿಡಿಯುವ ರಾಡ್ ಕಟ್ಟಿಕೊಂಡು ಕಾರವಾರದ ದಾರಿ ಹಿಡಿಯುತ್ತಾರೆ. ಅವರಲ್ಲಿ ಒಬ್ಬರಾದರೂ ಹೊರಡುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ನವನಗರದವನು. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲೇ ಗಾಳ ಹಾಕುವುದು ಕಲಿತೆ. ಏಳು ಅಡಿ ರಾಡ್, ಸಣ್ಣ ರೀಲ್, ಹಿಟ್ಟಿನ ಉಂಡೆ. ಕವಲು ಕಡ್ಡಿ ನೆಟ್ಟು ರಾಡ್ ಒರಗಿಸಿ ಕೂತರೆ ರೋಹುವೋ ಕಟ್ಲಾವೋ ಬಂದೀತು. ಚೀಲ ಎಲ್ಲಿ ಇಟ್ಟರೂ ಅಲ್ಲೇ ಇರುತ್ತದೆ, ನೀರು ಮೇಲೆ ಬರುವುದಿಲ್ಲ. ಕತ್ತಲಾದರೆ ಮೊಬೈಲ್ ಬೆಳಕು ಸಾಕು. ಈ ರೂಢಿಯನ್ನೇ ಕಡಲಿಗೂ ಒಯ್ದೆ. ಅದೇ ತಪ್ಪಾಯಿತು.

ಕಳೆದ ಚಳಿಗಾಲ ನಾನು ಮತ್ತು ನಮ್ಮಕ್ಕನ ಮಗ ಹೊರಟೆವು. ಅವನಿಗೆ 19 ವರ್ಷ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲೆ, ಅಲ್ಲಿಂದ ಕಾರವಾರ ದಾಟಿ ಮಾಜಾಳಿ. ಹೋಗುವ ಮೊದಲು ಒಂದು ಅಂಗಡಿಯಲ್ಲಿ "ಕಡಲಿಗೆ ಇದೆಲ್ಲ ಬೇಕೇ ಬೇಕು" ಅಂದರು. ಮೀನನ್ನು ಸೆಳೆಯಲು ದಾರಕ್ಕೆ ಕಟ್ಟುವ ಪ್ಲಾಸ್ಟಿಕ್ ಮೀನು ಎರಡು ಡಬ್ಬಿ ತುಂಬ ಕೊಂಡೆ. ಮೂರು ರೀಲ್, ಮಡಚುವ ಕುರ್ಚಿ, ಒಲೆ. ಸಡಿಲ ಮರಳಿನಲ್ಲಿ ಅದನ್ನೆಲ್ಲ ಹೊತ್ತು ನಡೆದಾಗಲೇ ಅರ್ಧ ಶಕ್ತಿ ಹೋಗಿತ್ತು. ಇಷ್ಟಿದ್ದೂ ಚೀಲದಲ್ಲಿ ಒಂದು ಇಕ್ಕಳ ಇರಲಿಲ್ಲ. ತಲೆಗೆ ಕಟ್ಟುವ ಲೈಟ್ ಇರಲಿಲ್ಲ. ಮೀನು ಹಿಡಿಯುವುದಕ್ಕೆ ಬೇಕಾದದ್ದೆಲ್ಲ ಇತ್ತು, ಮೀನು ಕೈಗೆ ಬಂದ ಮೇಲೆ ಬೇಕಾದದ್ದು ಒಂದೂ ಇರಲಿಲ್ಲ.

ಮೊದಲು ಕೈಕೊಟ್ಟದ್ದು ಗಾಳ ಮುಳುಗಲು ದಾರಕ್ಕೆ ಕಟ್ಟುವ ಸೀಸ. ನಮ್ಮ ಗುಂಡನೆಯ ಸೀಸ ಅಲೆಗೆ ಉರುಳಿ ಉರುಳಿ ಐದೇ ನಿಮಿಷಕ್ಕೆ ದಡದ ಹತ್ತಿರ ಬಂದು ಬೀಳುತ್ತಿತ್ತು. ಮರಳಿನಲ್ಲಿ ಕಚ್ಚಿಕೊಂಡು ನಿಲ್ಲಲು ಪಿರಮಿಡ್ ಆಕಾರದ್ದು ಬೇಕು, ಇಲ್ಲವೇ ತಂತಿಯ ಕಾಲು ಇರುವಂಥದ್ದು. ನಾನು ಭಾರ ಜಾಸ್ತಿ ಮಾಡಿದರೆ ನಿಂತೀತು ಅಂದುಕೊಂಡೆ. 100 ಗ್ರಾಂ ಆಗುವಷ್ಟು ಸೀಸ ಕಟ್ಟಿ, ಹೆಣೆದ ಎಳೆಯ ತೆಳು ಬ್ರೇಡ್ ದಾರದಲ್ಲೇ ಜೋರಾಗಿ ಬೀಸಿದೆ. ಟಪ್ ಅಂತ ದಾರ ಹರಿಯಿತು. ಸೀಸ ನೀರಿನ ಕಡೆ ಹೋಗಲಿಲ್ಲ, ಓರೆಯಾಗಿ ಹಾರಿತು. ದಂಡೆಯಲ್ಲಿ ನಡೆದು ಬರುತ್ತಿದ್ದ ಗಂಡ ಹೆಂಡತಿಯ ಹತ್ತು ಹೆಜ್ಜೆ ಮುಂದೆ ಮರಳಿನಲ್ಲಿ ಹೂತುಕೊಂಡಿತು. ಅವರು ಸ್ವಲ್ಪ ಬೇಗ ನಡೆದಿದ್ದರೆ? ಇವತ್ತಿಗೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದಯವಿಟ್ಟು ಇದೊಂದನ್ನು ನೆನಪಿಡಿ. ಭಾರದ ಸೀಸ ಬೀಸುವಾಗ ಮುಖ್ಯ ದಾರದ ತುದಿಗೆ ಶಾಕ್ ಲೀಡರ್, ಅಂದರೆ ಬೀಸುವ ಜಗ್ಗು ತಾಳುವ ದಪ್ಪ ದಾರದ ತುಂಡು, ಕಟ್ಟಲೇಬೇಕು. ಪ್ರತಿ 28 ಗ್ರಾಂ ಸೀಸಕ್ಕೆ 10 ಪೌಂಡ್ ತಾಳುವ ಲೀಡರ್ ಅನ್ನುವುದು ಬಳಕೆಯ ಲೆಕ್ಕ. 100 ಗ್ರಾಂ ಅಂದರೆ 40 ಪೌಂಡ್‌ಗೆ ಕಡಿಮೆ ಬೇಡ. ಉದ್ದವೂ ಸಾಕಷ್ಟಿರಲಿ. ಬೀಸಲು ನಿಂತಾಗ ರೀಲಿನ ಮೇಲೆ ನಾಲ್ಕೈದು ಸುತ್ತು ಲೀಡರ್ ಉಳಿದಿರಬೇಕು. ರಾಡ್ ಕೂಡ ಅಷ್ಟು ಭಾರ ಎಸೆಯುವುದಕ್ಕೆ ಮಾಡಿದ್ದೇ ಆಗಿರಬೇಕು, 11-12 ಅಡಿಯದ್ದು. ಎಷ್ಟು ಗ್ರಾಂ ಎಸೆಯಬಹುದು ಅಂತ ರಾಡಿನ ಮೇಲೇ ಬರೆದಿರುತ್ತದೆ.

ಸಂಜೆ ಹೊತ್ತು ಮುಳುಗಿದ ಮೇಲೆ ಹುಡುಗನ ರಾಡ್ ಬಾಗಿತು. ಸಿಗಡಿ ಚುಚ್ಚಿದ್ದ ಗಾಳಕ್ಕೆ ಬಂದದ್ದು ಮೀಸೆ ಮೀನು, ಅಂಗೈ ಉದ್ದದ್ದು. ಮರಳಿನಲ್ಲಿ ಹೊರಳಾಡುತ್ತಿತ್ತು. ಗಾಳ ಆಳವಾಗಿ ನುಂಗಿತ್ತು. ನಾನು ಮೊಬೈಲ್ ಬೆಳಕು ಹಿಡಿದೆ. ಅವನು ಹಿನ್ನೀರಿನಲ್ಲಿ ಹಿಡಿದ ಹಾಗೆ ಬರಿಗೈಯಲ್ಲೇ ಒತ್ತಿ ಹಿಡಿದ. ಮೀನು ಒಮ್ಮೆ ಮೈ ಕೊಡವಿತು. ಅವನು "ಮಾಮಾ" ಅಂದ, ಅಷ್ಟೇ. ಮುಂದೆ ಮಾತೇ ಬರಲಿಲ್ಲ.

ಅದರ ಬೆನ್ನ ಮೇಲೆ ಒಂದು ಮುಳ್ಳು, ಎದೆಯ ಎರಡು ಪಕ್ಕಕ್ಕೆ ಒಂದೊಂದು. ಹೆದರಿದಾಗ ಮೂರನ್ನೂ ಸೆಟೆಸಿ ನಿಲ್ಲಿಸಿಕೊಳ್ಳುತ್ತದೆ. ಆಗ ಒತ್ತಿದರೂ ಮಡಚುವುದಿಲ್ಲ. ಮುಳ್ಳಿನ ಅಂಚಿಗೆ ಗರಗಸದ ಹಲ್ಲು, ಮೇಲಿನ ತೆಳು ಪೊರೆಯಲ್ಲಿ ವಿಷ. ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತ್ತು. ತೂತು ಜೋಳದ ಕಾಳಿನಷ್ಟೂ ಇರಲಿಲ್ಲ. ಆದರೆ ನೋಡನೋಡುತ್ತಾ ಸುತ್ತಲಿನ ಚರ್ಮ ಬಿಳಿಚಿ, ಆಮೇಲೆ ನೀಲಿಯಾಯಿತು. ಹತ್ತು ನಿಮಿಷಕ್ಕೆ ನೋವು ಮೊಣಕೈವರೆಗೆ ಏರಿತು. ಹಿನ್ನೀರಿನ ಮೀಸೆ ಮೀನೂ ಚುಚ್ಚುತ್ತದೆ, ನನಗೇ ಚುಚ್ಚಿದೆ. ಆದರೆ ಹುಡುಗ ಚಳಿಯಲ್ಲಿ ಬೆವರುತ್ತಾ ಮರಳಿನ ಮೇಲೆ ಹೊರಳಿದ್ದನ್ನು ನೋಡಿ ನನ್ನ ಕೈಕಾಲು ಆಡಲಿಲ್ಲ.

ಬಲೆ ಸುತ್ತುತ್ತಿದ್ದ ಹಿರಿಯರೊಬ್ಬರು ಕೂಗು ಕೇಳಿ ಬಂದರು. ಕೈ ನೋಡಿದವರೇ ಮನೆಗೆ ಕರೆದೊಯ್ದು ಪಾತ್ರೆಯಲ್ಲಿ ಬಿಸಿನೀರು ಇಟ್ಟರು. ತಾಳುವಷ್ಟು ಬಿಸಿ. ಒಂದು ಗಂಟೆ ಅದರಲ್ಲೇ ಕೈ ಮುಳುಗಿಸಿಕೊಂಡು ಕೂತ ಮೇಲೆ ಹುಡುಗನ ಮುಖಕ್ಕೆ ಬಣ್ಣ ಬಂತು. ಈ ವಿಷ ಬಿಸಿಗೆ ಕೆಡುತ್ತದೆ ಅಂತ ಆಮೇಲೆ ಡಾಕ್ಟರೂ ಹೇಳಿದರು. ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ನೀರನ್ನು ಚೆನ್ನಾಗಿರುವ ಕೈಯಿಂದ ಮುಟ್ಟಿ ನೋಡಿ, ನೋಯುವ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ಬಿಗಿಯಾಗಿ ಕಟ್ಟಬೇಡಿ, ಬಾಯಿಂದ ಹೀರಬೇಡಿ. ನೋವು ಇಳಿಯಿತು ಅಂತ ಆಸ್ಪತ್ರೆ ಬಿಡಬೇಡಿ. ನಮ್ಮ ಹುಡುಗನ ಬೆರಳಿನಲ್ಲಿ ಮುಳ್ಳಿನ ಚೂರು ಉಳಿದಿತ್ತು, ಎಕ್ಸ್‌ರೇಯಲ್ಲಿ ಕಂಡಿತು. ಚೂರು ತೆಗೆದು ಧನುರ್ವಾಯು ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದ ಮೇಲೆ ಅಕ್ಕನ ಮುಖ ನೋಡುವುದು ಎಷ್ಟು ಕಷ್ಟವಾಯಿತು ಅಂತ ಹೇಳಲಾರೆ.

ಇಷ್ಟರ ನಡುವೆ ಚೀಲದ ಕಡೆ ಯಾರು ನೋಡುತ್ತಾರೆ? ಅವತ್ತು ಹುಣ್ಣಿಮೆಯ ಮರುದಿನ, ಭರತ, ಅಂದರೆ ಕಡಲ ಉಬ್ಬರ, ಜೋರಿತ್ತು. ಆಸ್ಪತ್ರೆಯಿಂದ ತಿರುಗಿ ಬಂದಾಗ ಚೀಲ ಉಪ್ಪುನೀರಲ್ಲಿ ನೆನೆದು ಮರಳು ತುಂಬಿಕೊಂಡಿತ್ತು. ಮೂರು ರೀಲಿನಲ್ಲಿ ಎರಡು ಮತ್ತೆ ತಿರುಗಲಿಲ್ಲ.

ಈಗ ಒಬ್ಬೊಬ್ಬರಿಗೆ ಒಂದು ರಾಡ್, ಒಂದು ರೀಲ್, ಹೆಗಲಿಗೆ ಹಾಕುವ ಒಂದೇ ಚೀಲ. ಪ್ಲಾಸ್ಟಿಕ್ ಮೀನಿನ ಡಬ್ಬಿ ಮನೆಯಲ್ಲೇ ಇರುತ್ತದೆ. ಉದ್ದ ಮೂತಿಯ ಇಕ್ಕಳವನ್ನು ದಾರದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುತ್ತೇವೆ, ಚೀಲದ ತಳದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಇಬ್ಬರಿಗೂ ತಲೆ ಲೈಟ್. ಮರಳಿಗೆ ನೆಡಲು ಮೂರು ಅಡಿಯ ಪಿವಿಸಿ ಪೈಪ್, ತುದಿ ಓರೆಯಾಗಿ ಕೊಯ್ದದ್ದು, ಅದನ್ನು ನಾನೇ ಮಾಡಿಕೊಂಡೆ. ಕಾಲಿಗೆ ಮುಚ್ಚಿದ ಬೂಟು. ಗಾಳ ಆಳಕ್ಕೆ ಹೋಗಿದ್ದರೆ ದಾರ ಕತ್ತರಿಸಿ ಮೀನು ಬಿಟ್ಟುಬಿಡುತ್ತೇವೆ. ಹತ್ತು ರೂಪಾಯಿ ಗಾಳಕ್ಕೆ ಕೈ ಒಡ್ಡುವುದಿಲ್ಲ. ಭರತದ ಹೊತ್ತು ನೋಡಿಕೊಂಡು ಚೀಲವನ್ನು ಒಣ ಮರಳಿನ ಆಚೆ ಇಡುತ್ತೇವೆ.

ಹೊರಡುವಾಗ ಅಕ್ಕ ಒಂದು ಫ್ಲಾಸ್ಕ್ ತುಂಬ ಬಿಸಿನೀರು ತುಂಬಿ ಕೊಡುತ್ತಾಳೆ. ಕಾರವಾರದಲ್ಲಿ ಚಹಾ ಕುಡಿಯಲು ನಿಂತಾಗ ಅದನ್ನು ಮತ್ತೆ ಕುದಿಯುವ ನೀರಿನಿಂದ ತುಂಬಿಸಿಕೊಳ್ಳುತ್ತೇವೆ. ಆಮೇಲೆ ಎರಡು ಸಲ ಹೋಗಿ ಬಂದೆವು. ಆ ನೀರಿನ ಕೆಲಸ ಬಿದ್ದಿಲ್ಲ, ತಿರುಗಿ ಬರುವಾಗ ದಂಡೆಯಲ್ಲೇ ಚೆಲ್ಲಿ ಬರುತ್ತೇವೆ.